ಕೇಳುವ ಡೇರೆ

ಬಸ್ಸು ಡಾಂಬರು ರಸ್ತೆ ಬಿಟ್ಟು ಮಣ್ಣಿನ ದಾರಿಗೆ ಇಳಿಯುವ ಮೊದಲೇ ಗೈಡ್ ಎದ್ದು ನಿಂತು ದಪ್ಪ ಬಟ್ಟೆಯ ಚೀಲವೊಂದನ್ನು ಬಿಡಿಸಿದ. ಒಳಗೆ ಸಾಲಾಗಿ ಜೇಬು ಹೊಲಿದಿದ್ದರು; ಒಂದೊಂದು ಜೇಬಿಗೂ ಒಂದೊಂದು ನಂಬರು. "ಫೋನು, ವಾಚು, ಏನೇನು ಮಿಣುಕುತ್ತೋ ಎಲ್ಲಾ ಇದರೊಳಗೆ. ಮೂರು ದಿನ ಆದ್ಮೇಲೆ ನಾನೇ ನಿಮ್ಮ ಕೈಗೆ ಕೊಡ್ತೀನಿ" ಎಂದ. ಒಂಬತ್ತು ಜನರೂ ಅಕ್ಕನ ಮುಖ ನೋಡಿದರು. ಅಕ್ಕ ಮೊದಲು ಹಾಕಿದಳು. ಆಮೇಲೆ ಉಳಿದವರು ಹಲ್ಲು ಕೀಳಿಸಿಕೊಳ್ಳಲು ಬಂದವರ ಹಾಗೆ ಮುಖ ಮಾಡಿಕೊಂಡು ಒಬ್ಬೊಬ್ಬರಾಗಿ ಹಾಕಿದರು.

ಅವಳು ಅವರಲ್ಲಿ ಯಾರಿಗೂ ಅಕ್ಕನಲ್ಲ, ಟೀಮ್ ಲೀಡ್. ವಯಸ್ಸು ನಲವತ್ತಮೂರು, ಉಳಿದವರೆಲ್ಲ ಮೂವತ್ತರ ಒಳಗಿನವರು. ಯಾರಿಗೆ ಜ್ವರ ಬಂದರೂ ಮಾತ್ರೆ ಅವಳ ಚೀಲದಲ್ಲೇ ಸಿಗುತ್ತಿದ್ದುದರಿಂದ ಅಕ್ಕ ಎಂಬ ಹೆಸರು ತಾನಾಗಿ ಅಂಟಿಕೊಂಡಿತ್ತು. ಅವಳಿಗೆ ಅದು ಇಷ್ಟವೂ ಆಗಿತ್ತು.

ಅವರ ಕೆಲಸ ಹೊರಗಿನವರಿಗೆ ಹೇಳಿದರೆ ತಿಳಿಯುತ್ತಿರಲಿಲ್ಲ. ಜನ ಹಾಕುವ ವಿಡಿಯೊಗಳ ಮೇಲೆ ಯಾರಾದರೂ ದೂರು ಕೊಟ್ಟರೆ ಅದು ಕೊನೆಗೆ ಬಂದು ಬೀಳುತ್ತಿದ್ದುದು ಇವರ ಪರದೆಯ ಮೇಲೆ. ನೋಡಬೇಕು, ತೆಗೆಯಬೇಕೋ ಇರಲಿ ಬಿಡಬೇಕೋ ಹೇಳಬೇಕು. ಒಂದಕ್ಕೆ ಇಪ್ಪತ್ತೈದು ಸೆಕೆಂಡು, ದಿನಕ್ಕೆ ಒಂಬೈನೂರು. ಮೂರನೇ ಮಹಡಿಯ ಅವರ ಕೆಲಸದ ಹಾಲ್‌ನ ಕಿಟಕಿಗಳಿಗೆ ಕಪ್ಪು ಹಾಳೆ ಅಂಟಿಸಿದ್ದರು. ಒಳಗೆ ಪೆನ್ನು, ಕಾಗದ, ಫೋನು ಒಯ್ಯುವಂತಿರಲಿಲ್ಲ. ಎರಡು ಮೇಜಿಗೊಂದರಂತೆ ಕಣ್ಣೊರೆಸುವ ಕಾಗದದ ಡಬ್ಬಿ ಇಟ್ಟಿದ್ದರು. ಆ ಡಬ್ಬಿ ಖಾಲಿಯಾದ ಲೆಕ್ಕವೂ ಮೇಲಿನವರಿಗೆ ಹೋಗುತ್ತಿತ್ತು. ಅಕ್ಕನ ಗಂಡ ಶಾಲಾ ಬಸ್ಸಿನ ಡ್ರೈವರ್. "ನಮ್ಮನೆಯವಳು ಬೆಳಿಗ್ಗೆಯಿಂದ ಸಂಜೆವರೆಗೂ ವಿಡಿಯೊ ನೋಡ್ತಾಳೆ, ಅದಕ್ಕೆ ಸಂಬಳಾನೂ ಕೊಡ್ತಾರೆ" ಎಂದು ನೆಂಟರ ಮುಂದೆ ನಗಿಸುತ್ತಿದ್ದ. ಏನು ವಿಡಿಯೊ ಎಂದು ಅವಳು ಹೇಳಿರಲಿಲ್ಲ. ಹೇಳಿದ್ದರೆ ಅವನ ಗಂಟಲಲ್ಲಿ ತುತ್ತು ಇಳಿಯುತ್ತಿರಲಿಲ್ಲ.

ಹಿಂದಿನ ಮೂರು ತಿಂಗಳಲ್ಲಿ ನಾಲ್ವರು ಕೆಲಸ ಬಿಟ್ಟಿದ್ದರು. ಐದನೆಯವಳು ಬಿಡಲಿಲ್ಲ, ಒಂದು ಮಧ್ಯಾಹ್ನ ಹೆಡ್‌ಫೋನ್ ತೆಗೆದಿಟ್ಟು, ಚಪ್ಪಲಿ ಬಿಚ್ಚಿ, ಮೇಜಿನ ಕೆಳಗೆ ತೂರಿ ಕೂತುಬಿಟ್ಟಳು. ಅಕ್ಕ ನೆಲದ ಮೇಲೆ ಪಕ್ಕದಲ್ಲಿ ಕೂತು ಒಂದು ಗಂಟೆ ಪುಸಲಾಯಿಸಿ ಹೊರಗೆ ಕರೆತಂದಳು. ಅದಾದ ಮೇಲೆ ಕಂಪನಿಗೆ ಇವರ ಮನಸ್ಸಿನ ಮೇಲೆ ಎಲ್ಲಿಲ್ಲದ ಕಾಳಜಿ ಉಕ್ಕಿಬಂತು. ಫೋನಿಲ್ಲ, ಪರದೆಯಿಲ್ಲ, ಕಾಡಿನಲ್ಲಿ ಮೂರು ದಿನ ಡೇರೆ ವಾಸ, ಜೊತೆಗೊಬ್ಬರು ಆಪ್ತಸಲಹೆಗಾರ್ತಿ. ಹನ್ನೊಂದು ಪುಟದ ಒಪ್ಪಿಗೆಪತ್ರ ಬಂತು. ಅದನ್ನು ಹಂಚಿದವಳು ಅಕ್ಕನೇ. "ಬೇಗ ಸಹಿ ಹಾಕ್ರಪ್ಪಾ, ಬಸ್ಸಿನವರು ಕಾಯ್ತಿದ್ದಾರೆ" ಎಂದು ಊಟದ ಹೊತ್ತಿನಲ್ಲಿ ಬೆನ್ನು ಹತ್ತಿ ಹಾಕಿಸಿದಳು. ಯಾರೂ ಓದಲಿಲ್ಲ. ಅವಳೂ ಓದಲಿಲ್ಲ.

ಆ ಒಂಬತ್ತು ಜನರಲ್ಲಿ ಒಬ್ಬನನ್ನು ಎಲ್ಲರೂ ತಾತ ಎನ್ನುತ್ತಿದ್ದರು. ವಯಸ್ಸು ಇಪ್ಪತ್ತಾರು. ಬೇಸಿಗೆಯಲ್ಲೂ ಸ್ವೆಟರ್, ಕೈಯಲ್ಲಿ ಬಿಸಿನೀರಿನ ಫ್ಲಾಸ್ಕು, ಮೆಟ್ಟಿಲು ಹತ್ತುವಾಗ ಕಂಬಿ ಹಿಡಿಯುವ ಅಭ್ಯಾಸ. ಯಾರಾದರೂ ಅವಸರ ಮಾಡಿದರೆ "ನಿಧಾನ ಕಣ್ರೋ, ಬಿದ್ದು ಗಿದ್ದು ಬಿಟ್ಟೀರಿ" ಎನ್ನುವನು. ತನ್ನನ್ನು ತಾನೇ ತಾತ ಎಂದುಕೊಂಡು ನಗುತ್ತಿದ್ದ ಹುಡುಗ ಎರಡು ತಿಂಗಳಿಂದ ಮಂಕಾಗಿದ್ದ. ಕೆಲಸ ಮಾಡುತ್ತಿದ್ದ, ಲೆಕ್ಕ ತುಂಬಿಸುತ್ತಿದ್ದ, ಆದರೆ ಊಟದ ಡಬ್ಬಿ ತೆರೆದು ಹಾಗೇ ಮುಚ್ಚಿಬಿಡುತ್ತಿದ್ದ. ಅಕ್ಕ ಕೇಳಿದರೆ "ಏನಿಲ್ಲ ಅಕ್ಕ, ಹೊಟ್ಟೆ ಸರಿಯಿಲ್ಲ" ಎನ್ನುತ್ತಿದ್ದ.

ಕಾಡಿನ ಮೊದಲ ದಿನ ನಗುತಮಾಷೆಯಲ್ಲೇ ಹೋಯಿತು. ಹೊಳೆಯ ದಂಡೆಯಲ್ಲಿ ಐದು ಡೇರೆ, ಸ್ವಲ್ಪ ದೂರದಲ್ಲಿ ಅಡುಗೆಯ ಚಪ್ಪರ, ಮರದ ಕೆಳಗೆ ಒಂದು ಉದ್ದ ಬೆಂಚು. ಎಲ್ಲರ ಕೈಯೂ ಗಳಿಗೆಗೊಮ್ಮೆ ಖಾಲಿ ಜೇಬಿಗೆ ಹೋಗಿ ಪೆಚ್ಚಾಗಿ ವಾಪಸು ಬರುತ್ತಿತ್ತು. ಟೀಮಿನಲ್ಲಿ ರೇಡಿಯೊ ಎಂದು ಹೆಸರಾದ ಬಾಯಿಬಡುಕಿಯೊಬ್ಬಳಿದ್ದಳು. ಅವಳು ತಲೆಯ ಮೇಲೆ ಹಾರಿಹೋದ ಕೊಕ್ಕರೆ ಹಿಂಡನ್ನು ನೋಡಿ, ಗಾಳಿಯಲ್ಲೇ ಬೆರಳು ಒತ್ತಿ "ಇರಲಿ ಬಿಡಿ" ಎಂದಳು. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ಅದೇ ಆಟವಾಯಿತು. ಸೂಪಿನಲ್ಲಿ ಬಿದ್ದ ನೊಣ: ತೆಗೆಯಿರಿ. ಗೈಡ್‌ನ ಮೀಸೆ: ಎರಡನೇ ಸಲ ಪರಿಶೀಲಿಸಿ.

ಸಂಜೆಗೆ ಗೈಡ್ ಒಬ್ಬೊಬ್ಬರನ್ನೂ ಒಂದೊಂದು ಮರದ ಮುಂದೆ ಕೂರಿಸಿದ. ಅರ್ಧ ಗಂಟೆ ಸುಮ್ಮನೆ ಮರ ನೋಡಬೇಕು, ಅಷ್ಟೇ. ಅಕ್ಕನ ಪಕ್ಕದ ಮರ ತಾತನದು. ಹತ್ತು ನಿಮಿಷವಾಗುವಷ್ಟರಲ್ಲಿ ಅವನ ಹಣೆಯ ಮೇಲೆ ಬೆವರು ಕೂತಿತ್ತು.

"ಯಾಕೋ, ಏನಾಯ್ತು?"

"ಏನೂ ಆಗ್ತಿಲ್ಲ ಅಕ್ಕ" ಎಂದ ಅವನು, ಮರದಿಂದ ಕಣ್ಣು ತೆಗೆಯದೆ. "ಅದಕ್ಕೇ ಭಯ ಆಗ್ತಿದೆ. ಈಗ ಏನೋ ಆಗುತ್ತೆ, ಈಗ ಏನೋ ಆಗುತ್ತೆ ಅಂತ ಕಾಯ್ತಾ ಕೂತಿದ್ದೀನಿ."

ಆಪ್ತಸಲಹೆಗಾರ್ತಿಗೆ ಬೇರೆಯೇ ಒಂದು ಡೇರೆ ಇತ್ತು. ನೆಲಕ್ಕೆ ಚಾಪೆ, ಎರಡು ದಿಂಬು, ನೀರಿನ ಹೂಜಿ. ಅದಕ್ಕೆ ಅವರು ಕೇಳುವ ಡೇರೆ ಎಂದು ಹೆಸರಿಟ್ಟಿದ್ದರು. ಐವತ್ತರ ಆಸುಪಾಸಿನ ಹೆಂಗಸು, ಮೆತ್ತಗಿನ ದನಿ, ಮಾತಾಡುವವರ ಕಣ್ಣನ್ನೇ ನೋಡುವ ನೋಟ. "ಇಲ್ಲಿ ಹೇಳಿದ್ದು ಇಲ್ಲೇ ಇರುತ್ತೆ" ಎಂದು ಮೊದಲ ದಿನವೇ ಎಲ್ಲರನ್ನೂ ಕೂರಿಸಿ ಹೇಳಿದ್ದರು. ಎರಡನೇ ದಿನ ಬೆಳಿಗ್ಗೆ ಒಬ್ಬೊಬ್ಬರಾಗಿ ಒಳಗೆ ಹೋದರು. ರೇಡಿಯೊ ಮುಕ್ಕಾಲು ಗಂಟೆ ಅತ್ತು ಮೂಗು ಕೆಂಪಗೆ ಮಾಡಿಕೊಂಡು ಬಂದಳು. ತಾತ ಐದು ನಿಮಿಷಕ್ಕೆ ಹೊರಬಿದ್ದ.

ಸ್ವಲ್ಪ ಹೊತ್ತಿಗೆ ಆಪ್ತಸಲಹೆಗಾರ್ತಿ ಮೇಡಂ ಅಕ್ಕನನ್ನು ಕರೆದರು. "ಆ ಹುಡುಗನ ಎದೆ ಮೇಲೆ ಏನೋ ಭಾರ ಇದೆ. ನನ್ನ ಹತ್ರ ಬಾಯಿ ಬಿಡ್ತಿಲ್ಲ. ನೀವು ಹೇಳಿದ್ರೆ ಕೇಳ್ತಾನೆ ಅನ್ಸುತ್ತೆ. ಹೀಗೇ ಬಿಟ್ರೆ ಕೈ ಮೀರಿ ಹೋಗುತ್ತೆ, ನೋಡಿ."

ಕೈ ಮೀರಿ ಹೋಗುತ್ತದೆ ಎಂದ ಕೂಡಲೇ ಅಕ್ಕನಿಗೆ ಮೇಜಿನ ಕೆಳಗೆ ಕೂತಿದ್ದ ಹುಡುಗಿ ಕಣ್ಣ ಮುಂದೆ ಬಂದಳು.

ಮಧ್ಯಾಹ್ನದ ಊಟವಾದ ಮೇಲೆ ತಟ್ಟೆ ತೊಳೆಯುವ ಪಾಳಿ ಅವರಿಬ್ಬರದಾಯಿತು. ಅಕ್ಕ ಹಾಗೆ ಮಾಡಿಸಿದ್ದಳು. ಹೊಳೆಯ ಕಲ್ಲಿನ ಮೇಲೆ ಕೂತು ಅವನು ಒಂದೇ ತಟ್ಟೆಯನ್ನು ತಿಕ್ಕುತ್ತಲೇ ಇದ್ದ.

"ಅದರ ಬಣ್ಣ ಹೋಗುತ್ತೆ ಬಿಡೋ. ಏನದು ಹೇಳು ನಂಗೆ."

"ಹೇಳಿದ್ರೆ ನೀವೂ ನನ್ನ ಮುಖ ನೋಡಲ್ಲ ಅಕ್ಕ."

"ನಿನ್ನ ಮುಖ ಏನು ಮಹಾ ಚೆನ್ನಾಗಿದೆ ಅಂತ ಇಷ್ಟು ದಿನ ನೋಡಿದ್ದೀನಿ? ಹೇಳು."

ಅವನು ನಗಲಿಲ್ಲ. ತಟ್ಟೆ ಕೆಳಗಿಟ್ಟು, ನೀರನ್ನೇ ನೋಡುತ್ತಾ ಹೇಳಿದ. ಎರಡೂವರೆ ತಿಂಗಳ ಹಿಂದೆ ಒಂದು ವಿಡಿಯೊ ಬಂದಿತ್ತು. ಒಬ್ಬಳು ಮುದುಕಿ, ಒಂದು ಕೋಣೆ, ಹಿಂದೆ ನೀಲಿ ಹೂವಿನ ಪರದೆ. ಯಾರದೋ ಗಂಡು ಕೈ ಅವಳ ಊರುಗೋಲನ್ನು ಎತ್ತಿ ಹಿಡಿದಿದೆ. ಆಕೆ ಎಟುಕಿಸಿಕೊಳ್ಳಲು ಹೋಗುತ್ತಾಳೆ, ಕೈ ಹಿಂದೆ ಸರಿಯುತ್ತದೆ. ಮತ್ತೆ ಹೋಗುತ್ತಾಳೆ, ಮತ್ತೆ ಸರಿಯುತ್ತದೆ. ಹಿಂದಿನಿಂದ ನಗು ಕೇಳಿಸುತ್ತದೆ. ಕೆಳಗೆ ಜನ ನಗುವ ಚಿತ್ರಗಳನ್ನು ಸುರಿದಿದ್ದಾರೆ. ಹೊಡೆತವಿಲ್ಲ, ರಕ್ತವಿಲ್ಲ, ಬೈಗುಳವಿಲ್ಲ.

"ಮನೆಯೊಳಗಿನ ತಮಾಷೆ ಅಂತ ಒತ್ತಿಬಿಟ್ಟೆ. ಹತ್ತೊಂಬತ್ತು ಸೆಕೆಂಡು. ಉಳಿದ ಆರು ಸೆಕೆಂಡಲ್ಲಿ ನೀರು ಕುಡಿದೆ." ಅವನು ಹೊಳೆಗೆ ಕೈ ಅದ್ದಿ ಮುಖ ಒರೆಸಿಕೊಂಡ. "ಆಮೇಲೆ ಹದಿನೈದು ದಿನಕ್ಕೆ ಸುದ್ದಿಯಲ್ಲಿ ಬಂತು ಅಕ್ಕ. ಮುದುಕಿ ಮೆಟ್ಟಿಲ ಮೇಲಿಂದ ಬಿದ್ದು ಸತ್ತುಹೋದ್ಲು ಅಂತ. ಕೋಲಿಲ್ಲದೆ ಇಳಿಯೋಕೆ ಹೋಗಿದ್ಲಂತೆ. ಅದೇ ಪರದೆ. ಅದೇ ನೀಲಿ ಹೂವು. ಪಕ್ಕದ ಮನೆಯವರು ಮೂರು ಸಲ ದೂರು ಕೊಟ್ಟಿದ್ರಂತೆ. ಮೂರನೇದು ನೋಡಿದ್ದು ನಾನು."

"ಮೊದಲೆರಡು?"

"ಬೇರೆ ಶಿಫ್ಟಿನವರದು. ಯಾರೋ ಗೊತ್ತಿಲ್ಲ. ಅವರೂ ಇರಲಿ ಬಿಡು ಅಂತಾನೇ ಒತ್ತಿರಬೇಕು." ತಟ್ಟೆ ಮತ್ತೆ ಕೈಗೆತ್ತಿಕೊಂಡು, "ನಾನು ಅವತ್ತು ಡಬಲ್ ಶಿಫ್ಟಲ್ಲಿದ್ದೆ. ಹದಿಮೂರನೇ ಗಂಟೆ. ಆದ್ರೂ ಕಣ್ಣು ನಂದೇ ತಾನೇ?" ಎಂದ.

ಆ ದಿನ ಅಕ್ಕನಿಗೆ ಚೆನ್ನಾಗಿ ನೆನಪಿತ್ತು. ಇಬ್ಬರು ರಜೆ ಹಾಕಿದ್ದರು, ಮೇಲಿನಿಂದ ಲೆಕ್ಕ ತುಂಬಿಸಿ ಎಂದು ಒತ್ತಡ ಬಂದಿತ್ತು. ಮನೆಗೆ ಹೊರಟು ಸ್ವೆಟರ್‌ನ ಗುಂಡಿ ಹಾಕಿಕೊಳ್ಳುತ್ತಿದ್ದ ತಾತನನ್ನು ತಡೆದು "ಇದೊಂದು ಸಲ ಕಣೋ, ನನಗೋಸ್ಕರ" ಎಂದವಳು ಅವಳೇ. ಅವನು ಆ ಮಾತು ಎತ್ತಲಿಲ್ಲ. ಅವಳೂ ಎತ್ತಲಿಲ್ಲ.

"ಇದನ್ನ ಮೇಡಂ ಹತ್ರ ಹೇಳು" ಎಂದಳು. "ನಾನೇನು ಓದಿಕೊಂಡವಳಲ್ಲ. ಅವರು ಅದಕ್ಕಂತಾನೇ ಇರೋರು. ಹೊರಗೆ ಹಾಕಿದ್ರೆ ಹಗುರ ಆಗುತ್ತೆ."

"ಕಂಪನಿಗೆ ಗೊತ್ತಾದ್ರೆ?"

"ಹೇಗೆ ಗೊತ್ತಾಗುತ್ತೆ? ಇಲ್ಲಿ ಹೇಳಿದ್ದು ಇಲ್ಲೇ ಇರುತ್ತೆ ಅಂದಿಲ್ವಾ? ನಾನಿದ್ದೀನಲ್ಲೋ."

ಅವನ ಒದ್ದೆ ಕೈ ಹಿಡಿದುಕೊಂಡೇ ಡೇರೆಯವರೆಗೆ ಕರೆದುಕೊಂಡು ಹೋದಳು. ಅವನು ಒಳಗಿದ್ದಷ್ಟು ಹೊತ್ತೂ ಹೊರಗೆ ಮರದ ಬೇರಿನ ಮೇಲೆ ಕೂತಿದ್ದಳು. ಮಾತು ಕೇಳಿಸುತ್ತಿರಲಿಲ್ಲ; ನಡುವೆ ಒಂದು ಸಲ ಅವನು ದೊಡ್ಡ ದನಿಯಲ್ಲಿ ಅತ್ತದ್ದು ಕೇಳಿಸಿತು. ಹೊರಗೆ ಬಂದಾಗ ಮುಖ ತೊಳೆದಿಟ್ಟ ಹಾಗಿತ್ತು. ಅಡುಗೆಯ ಚಪ್ಪರಕ್ಕೆ ನೇರ ಹೋಗಿ, ತಣ್ಣಗಾಗಿದ್ದ ಆಲೂಗಡ್ಡೆಯನ್ನು ಬ್ರೆಡ್ಡಿಗೆ ಹಾಕಿಕೊಂಡು ನಿಂತಲ್ಲೇ ತಿಂದ. ಮತ್ತೊಂದು ತಟ್ಟೆ ಹಾಕಿಸಿಕೊಂಡ. ಮಾರನೇ ದಿನ ಗುಡ್ಡ ಹತ್ತುವಾಗ ಎಲ್ಲರಿಗಿಂತ ಮುಂದೆ ಅವನೇ. ಮೇಲಿನಿಂದ "ನಿಧಾನ ಕಣ್ರೋ, ಬಿದ್ದು ಗಿದ್ದು ಬಿಟ್ಟೀರಿ" ಎಂದು ಕೂಗಿದಾಗ ರೇಡಿಯೊ ಚಪ್ಪಾಳೆ ತಟ್ಟಿದಳು. ಅಕ್ಕನಿಗೆ ಎದೆ ತುಂಬಿಬಂತು. ಈ ಕೆಲಸಕ್ಕೆ ಸೇರಿದ ಆರು ವರ್ಷದಲ್ಲಿ ಒಂದು ಒಳ್ಳೆಯ ಕೆಲಸ ಮಾಡಿದೆ ಅನಿಸಿತು.

ಊರಿಗೆ ಬಂದ ಎಂಟನೇ ದಿನ ಮ್ಯಾನೇಜರ್ ಅವಳನ್ನು ಗಾಜಿನ ಕೋಣೆಗೆ ಕರೆಸಿದ. ಮೇಜಿನ ಮೇಲೆ ತೆಳ್ಳಗಿನ ಫೈಲೊಂದಿತ್ತು. ಮುದುಕಿಯ ಮಗಳು, ಬೇರೆ ಊರಲ್ಲಿರುವವಳು, ಮೂರು ದೂರನ್ನೂ ಕಸದಬುಟ್ಟಿಗೆ ಹಾಕಿದ್ದು ಯಾಕೆ ಎಂದು ಕೇಳಿ ಸರ್ಕಾರಕ್ಕೆ ಅರ್ಜಿ ಹಾಕಿದ್ದಳು. ವಿಚಾರಣೆಗೆ ಅಧಿಕಾರಿಯನ್ನು ನೇಮಿಸಿದ್ದರು. ಕಂಪನಿ ಉತ್ತರ ಕೊಡಬೇಕಾಗಿತ್ತು.

"ಕ್ಯಾಂಪಲ್ಲಿ ನಿಮ್ಮ ಹುಡುಗ ಎಲ್ಲಾ ಒಪ್ಕೊಂಡಿದ್ದಾನೆ" ಎಂದ ಮ್ಯಾನೇಜರ್. "ಸರಿಯಾಗಿ ನೋಡದೇ ಒತ್ತಿದೆ ಅಂತ. ಅವನನ್ನ ಹೇಳೋಕೆ ಒಪ್ಪಿಸಿದ್ದು ನೀವು, ನಿಮಗೂ ಹೇಳಿದ್ದಾನೆ ಅಂತ ವರದಿಯಲ್ಲಿದೆ. ನಿಮ್ಮದೊಂದು ಹೇಳಿಕೆ ಬೇಕು."

ಅಕ್ಕ ಫೈಲಿನ ಕಡೆ ನೋಡಿದಳು. "ಅದು ಗುಟ್ಟಾಗಿ ಹೇಳಿದ್ದು ಸಾರ್. ಅಲ್ಲಿ ಹೇಳಿದ್ದು ಅಲ್ಲೇ ಇರುತ್ತೆ ಅಂದಿದ್ರು."

ಅವನು ಒಪ್ಪಿಗೆಪತ್ರದ ಏಳನೇ ಪುಟ ತೆಗೆದು ಅವಳ ಕಡೆ ತಿರುಗಿಸಿದ. ಸಲಹೆಯ ವೇಳೆ ತಿಳಿದುಬಂದ ವಿಷಯಗಳನ್ನು ಕೆಲಸದ ಗುಣಮಟ್ಟ ಸುಧಾರಿಸಲು ಸಂಸ್ಥೆ ಬಳಸಿಕೊಳ್ಳಬಹುದು. ಕೆಳಗೆ ತಾತನ ಸಹಿ. ಅದರ ಕೆಳಗೆ, ಸಹಿ ಪಡೆದವರು ಎಂಬಲ್ಲಿ, ಅವಳದೇ ಸಹಿ.

"ಬೈಯ್ಯೋದಕ್ಕೆ ಕರೆದಿಲ್ಲ ನಿಮ್ಮನ್ನ" ಎಂದ ಅವನು ಮೃದುವಾಗಿ. "ಸತ್ಯ ಏನಿದೆಯೋ ಅದನ್ನೇ ಬರೀರಿ. ಅವನಿಗೆ ಅನುಕೂಲ ಆಗೋ ಹಾಗೆ ಏನಿದ್ರೂ ಬರೀರಿ. ನಾನು ಬೇಡ ಅನ್ನಲ್ಲ."

ಆ ಮಾತನ್ನು ಅವಳು ನಂಬಿದಳು. ಸತ್ಯ ಪೂರ್ತಿ ಬರೆದರೆ ಯಾರಿಗಾದರೂ ಕರುಣೆ ಬಂದೇ ಬರುತ್ತದೆ ಎಂದುಕೊಂಡಳು. ಎರಡು ಪುಟ ಬರೆದಳು. ಅವನು ಹೇಳಿದ್ದನ್ನು ಮೊದಲ ಪ್ಯಾರಾದಲ್ಲಿ ಬರೆದು, ಆಮೇಲೆ ಇಪ್ಪತ್ತೈದು ಸೆಕೆಂಡಿನ ಮಿತಿ, ದಿನಕ್ಕೆ ಒಂಬೈನೂರು, ಮೊದಲೆರಡು ದೂರನ್ನು ಮುಚ್ಚಿದವರು ಬೇರೆ ಶಿಫ್ಟಿನವರು, ಹುಡುಗ ನಾಲ್ಕು ವರ್ಷದಲ್ಲಿ ಒಂದು ಸಲವೂ ಮಾತು ಕೇಳಿಸಿಕೊಂಡವನಲ್ಲ, ಎಲ್ಲ ಬರೆದಳು. ಡಬಲ್ ಶಿಫ್ಟಿನ ವಿಷಯಕ್ಕೆ ಬಂದಾಗ ಪೆನ್ನು ನಿಂತಿತು. ಮಗಳಿಗೆ ಹದಿನೈದು, ಗಂಡನ ಸಂಬಳ ಬಾಡಿಗೆಗೇ ಸರಿಹೋಗುತ್ತಿತ್ತು. "ಆ ದಿನ ಅವನು ಎರಡು ಶಿಫ್ಟ್ ಮಾಡಿದ್ದ" ಎಂದು ಬರೆದಳು. ಮಾಡಿಸಿದ್ದು ಯಾರೆಂದು ಬರೆಯಲಿಲ್ಲ. ವಾಕ್ಯ ತಪ್ಪೇನೂ ಆಗಿರಲಿಲ್ಲ. ಅದರಲ್ಲಿ ಒಂದು ಪದವೂ ಸುಳ್ಳಲ್ಲ. ಸಹಿ ಹಾಕಿ ಕೊಟ್ಟಳು.

ಅಂದು ಸಂಜೆ ಬಸ್ ನಿಲ್ದಾಣದಿಂದ ಆಪ್ತಸಲಹೆಗಾರ್ತಿಗೆ ಫೋನ್ ಮಾಡಿದಳು. "ಹೀಗೆ ಮಾಡಬಹುದಾ ಮೇಡಂ? ನಿಮ್ಮನ್ನ ನಂಬಿ ಕರ್ಕೊಂಡು ಬಂದೆ ಅವನನ್ನ."

"ನಾನು ಯಾರ ಹೆಸರೂ ಬರೆದಿಲ್ಲಮ್ಮಾ" ಎಂದಿತು ಅದೇ ಮೆತ್ತಗಿನ ದನಿ. "ಫೋನ್ ಚೀಲದ ಜೇಬಿನ ನಂಬರು ಮಾತ್ರ ಬರೆದಿದ್ದೆ. ನನಗೆ ದುಡ್ಡು ಕೊಡೋರು ವರದಿ ಕೇಳ್ತಾರೆ, ಕೊಡಲೇಬೇಕು. ನೀವು ಇದನ್ನ ಮನಸ್ಸಿಗೆ ಹಚ್ಕೋಬೇಡಿ. ಬೇಕಿದ್ರೆ ಒಂದು ದಿನ ಬನ್ನಿ, ಕೂತು ಮಾತಾಡೋಣ."

ಅಕ್ಕ ಫೋನಿಟ್ಟುಬಿಟ್ಟಳು.

ಅವಳು ಹೇಳಿಕೆ ಕೊಟ್ಟ ನಾಲ್ಕನೇ ದಿನ ತಾತನನ್ನು ಗಾಜಿನ ಕೋಣೆಗೆ ಕರೆದರು. ಹತ್ತು ನಿಮಿಷವೂ ಆಗಿರಲಿಲ್ಲ. ಅವನ ಎಡಕ್ಕೊಬ್ಬ ಬಲಕ್ಕೊಬ್ಬ ಸೆಕ್ಯೂರಿಟಿಯವರು ನಡೆಯುತ್ತಾ ಬಂದು ಅವನ ಡ್ರಾಯರ್ ತೆರೆಸಿದರು. ಸ್ವೆಟರ್, ಫ್ಲಾಸ್ಕು, ಒಂದು ಕಣ್ಣಿನ ಔಷಧಿ. ಹಾಲ್ ತುಂಬ ಪರದೆಗಳು ಓಡುತ್ತಲೇ ಇದ್ದವು. ಎದ್ದು ನಿಂತರೆ ಆ ಸೆಕೆಂಡುಗಳೂ ಲೆಕ್ಕಕ್ಕೆ ಸೇರುತ್ತವೆಂದು ಯಾರೂ ಏಳಲಿಲ್ಲ. ಅವನು ಅಕ್ಕನ ಮೇಜಿನ ಪಕ್ಕದಲ್ಲೇ ಹಾದುಹೋದ. ತಿರುಗಿ ನೋಡಲಿಲ್ಲ.

ಮರುದಿನ ಅವಳ ಹೇಳಿಕೆಯ ಪ್ರತಿ ಕೈಗೆ ಬಂತು. ಒಂದೇ ಪ್ಯಾರಾ ಇತ್ತು, ಮೊದಲನೆಯದು. ಉಳಿದದ್ದು ವಿಷಯಕ್ಕೆ ಸಂಬಂಧಿಸಿದ್ದಲ್ಲ ಎಂದು ತೆಗೆದುಹಾಕಿದ್ದರು. ಅವಳ ಸಹಿಯನ್ನು ಮಾತ್ರ ಮೇಲಕ್ಕೆ ಎತ್ತಿ ಅಂಟಿಸಿದ್ದರು. ಮೊದಲೆರಡು ದೂರನ್ನು ಮುಚ್ಚಿದವರು ಯಾರೆಂದು ಯಾರೂ ಹುಡುಕಲಿಲ್ಲ. ಬಾಯಿ ಮುಚ್ಚಿಕೊಂಡಿದ್ದವರ ಕೆಲಸ ಉಳಿದಿತ್ತು; ಬಾಯಿ ಬಿಟ್ಟವನದು ಹೋಗಿತ್ತು.

ಆ ಪ್ಯಾರಾ ಹೇಗೋ ಟೀಮಿನವರ ಕಣ್ಣಿಗೂ ಬಿತ್ತು. ಯಾರೂ ಜಗಳಕ್ಕೆ ಬರಲಿಲ್ಲ. ಮಾರನೇ ದಿನ ರೇಡಿಯೊ ಬಂದು "ಮೇಡಂ, ನಾಳೆ ನಂಗೆ ರಜೆ ಬೇಕಿತ್ತು" ಎಂದಳು. ಮಧ್ಯಾಹ್ನದೊಳಗೆ ಎಲ್ಲರ ಬಾಯಲ್ಲೂ ಅವಳು ಮೇಡಂ ಆಗಿದ್ದಳು.

ಮನೆಯಲ್ಲಿ ಗಂಡನಿಗೆ ಎಲ್ಲ ಹೇಳಿದಳು. ಆರು ವರ್ಷದಲ್ಲಿ ಮೊದಲ ಸಲ. ಅವನು "ನೀನೇನು ಸುಳ್ಳು ಬರೆದಿಲ್ಲವಲ್ಲ" ಎಂದ. ಅವಳು ಎದ್ದು ಒಲೆಯ ಕಡೆ ಹೋದಳು. ತಾನು ತನಗೇ ಹೇಳಿಕೊಂಡಿದ್ದ ಮಾತು ಇನ್ನೊಬ್ಬರ ಬಾಯಲ್ಲಿ ಅಷ್ಟು ಅಸಹ್ಯವಾಗಿ ಕೇಳಿಸುತ್ತದೆಂದು ಅವಳಿಗೆ ಗೊತ್ತಿರಲಿಲ್ಲ.

ಆ ಭಾನುವಾರ ತಾತನ ಮನೆ ಹುಡುಕಿಕೊಂಡು ಹೋದಳು. ನಾಲ್ಕನೇ ಮಹಡಿ, ಲಿಫ್ಟ್ ಕೆಟ್ಟಿತ್ತು. ಬಾಗಿಲು ತೆರೆದವರು ಅವನ ಅಮ್ಮ. ಹೆಸರು ಹೇಳುತ್ತಿದ್ದಂತೆ ಆಕೆಯ ಮುಖ ಅರಳಿತು.

"ಓ, ಅಕ್ಕ ಅಂದ್ರೆ ನೀವೇನಾ? ಬನ್ನಿ ಬನ್ನಿ, ಒಳಗೆ ಬನ್ನಿ. ನಿಮ್ಮ ಮಾತೇ ಆಡ್ತಿರ್ತಾನೆ. ಆ ಕಾಡಿಗೆ ಹೋಗಿ ಬಂದ ಮೇಲೆ ನಮ್ಮ ಹುಡುಗ ಮೊದಲಿನ ಹಾಗಾಗಿದ್ದ ನೋಡಿ. ಊಟ ಸೇರೋಕೆ ಶುರುವಾಗಿತ್ತು. ಎಲ್ಲಾ ನಿಮ್ಮಿಂದ ಅಂದ. ಈಗ ನೋಡಿದ್ರೆ ಕೆಲಸಕ್ಕೇ ಕಲ್ಲು ಬಿತ್ತು. ಯಾರೋ ಹೊಟ್ಟೆಗೆ ಅನ್ನ ತಿನ್ನದೋರು ಏನೋ ಬರೆದುಕೊಟ್ರಂತೆ."

ಅಕ್ಕ ಕೂತ ಕುರ್ಚಿಯ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಅಷ್ಟರಲ್ಲಿ ತಾತ ಒಳಕೋಣೆಯಿಂದ ಬಂದ. ಸ್ವೆಟರ್ ಇರಲಿಲ್ಲ. ಅದಿಲ್ಲದೆ ಅವನು ಇನ್ನೂ ಚಿಕ್ಕವನಾಗಿ ಕಂಡ. "ಅಮ್ಮ, ಟೀ ಮಾಡು" ಎಂದು ಆಕೆಯನ್ನು ಒಳಗೆ ಕಳಿಸಿ, ಅಕ್ಕನನ್ನು ಮೆಟ್ಟಿಲ ಬಳಿಗೆ ಕರೆದುಕೊಂಡು ಹೋಗಿ ಬಾಗಿಲು ಎಳೆದುಕೊಂಡ.

"ಅಮ್ಮನಿಗೆ ಯಾರು ಅಂತ ಹೇಳಿಲ್ಲ" ಎಂದ.

"ಎರಡು ಪುಟ ಬರೆದಿದ್ದೆ ಕಣೋ. ನಿನ್ನ ಪರವಾಗೇ ಬರೆದಿದ್ದೆ. ಅವರು ಕತ್ತರಿಸಿಬಿಟ್ರು. ದೇವರಾಣೆಗೂ..."

"ಗೊತ್ತು. ನೀವು ಬರೆದಿರ್ತೀರಿ." ಅವನು ಕಂಬಿಗೆ ಒರಗಿ ಕೆಳಗೆ ನೋಡುತ್ತಿದ್ದ. "ಆ ಡಬಲ್ ಶಿಫ್ಟ್ ಯಾರು ಹಾಕಿದ್ದು ಅಂತ ಬರೆದ್ರಾ?"

ಕೆಳಗಿನ ಮಹಡಿಯಲ್ಲಿ ಯಾರೋ ಬೀಗ ತೆಗೆಯುವ ಸದ್ದು ಕೇಳಿಸಿತು.

"ಬರೀಲಿಲ್ಲ ಅಲ್ವಾ" ಎಂದ ಅವನೇ. ದನಿಯಲ್ಲಿ ಕೋಪವಿರಲಿಲ್ಲ. ಕೋಪವಿದ್ದಿದ್ದರೆ ಅವಳಿಗೆ ಎಷ್ಟೋ ವಾಸಿಯಾಗುತ್ತಿತ್ತು.

"ವಿಚಾರಣೆಗೆ ನಾನು ಬರ್ತೀನಿ" ಎಂದಳು ಅವಳು. "ಆ ಅಧಿಕಾರಿ ಮುಂದೆ ಎಲ್ಲಾ ಹೇಳ್ತೀನಿ. ನಾನೇ ಹಾಕಿದ್ದು ಅಂತ ಹೇಳ್ತೀನಿ. ನೀನು ಬಾ ಅನ್ನು, ಬರ್ತೀನಿ."

ಅವನು ಮೊದಲ ಸಲ ಅವಳ ಮುಖ ನೋಡಿದ. "ನಾನು ಬನ್ನಿ ಅನ್ನಲ್ಲ ಅಕ್ಕ. ನಾನು ಬನ್ನಿ ಅಂದ್ರೆ ನಿಮಗೆ ಸುಲಭ ಆಗ್ಬಿಡುತ್ತೆ."

ಒಳಗಿನಿಂದ ಅವನ ಅಮ್ಮ ಟೀಗೆ ಸಕ್ಕರೆ ಎಷ್ಟು ಎಂದು ಕೂಗಿ ಕೇಳಿದರು. ಅಕ್ಕ ಟೀ ಕುಡಿಯದೆ ಮೆಟ್ಟಿಲಿಳಿದು ಹೋದಳು.

ವಿಚಾರಣೆಗೆ ಇನ್ನೂ ಮೂರು ವಾರವಿತ್ತು. ಆ ಮೂರು ವಾರ ಅವಳು ದಿನಾ ಒಂಬೈನೂರು ವಿಡಿಯೊ ನೋಡಿದಳು, ನಡುನಡುವೆ ಒಂದೇ ವಾಕ್ಯವನ್ನು ಮನಸ್ಸಿನಲ್ಲಿ ಹೇಳಿಕೊಂಡಳು: ಆ ಹುಡುಗನಿಗೆ ಎರಡನೇ ಶಿಫ್ಟ್ ಹಾಕಿದವಳು ನಾನು. ಕೆಲವು ದಿನ ಹೇಳಬಲ್ಲೆ ಎನಿಸುತ್ತಿತ್ತು. ಮಗಳು ಹೊಸ ಪುಸ್ತಕದ ಪಟ್ಟಿ ಹಿಡಿದು ಬಂದ ದಿನ ಬೇಡ ಎನಿಸುತ್ತಿತ್ತು. ಕೊನೆಗೆ ಆ ದಿನ ಬೆಳಿಗ್ಗೆ ರಜೆ ಹಾಕಿ, ಇಸ್ತ್ರಿ ಮಾಡಿದ ಬಟ್ಟೆ ಹಾಕಿಕೊಂಡು ಹೊರಟಳು. ಎಲ್ಲಿಗೆ ಎಂದು ಗಂಡ ಕೇಳಲಿಲ್ಲ.

ಸರ್ಕಾರಿ ಕಚೇರಿಯ ಎರಡನೇ ಮಹಡಿಯಲ್ಲಿ ಉದ್ದನೆಯ ಓಣಿಯಂಥ ಜಾಗ, ಗೋಡೆಗೆ ಬೆಂಚು, ತುದಿಯಲ್ಲಿ ವಿಚಾರಣೆಯ ಕೋಣೆ. ಬಾಗಿಲಿಗೆ ಬೀಗ ಹಾಕಿತ್ತು. ಹೊರಗೆ ಕೂತ ಗುಮಾಸ್ತ ದೊಡ್ಡ ಪುಸ್ತಕವೊಂದರಲ್ಲಿ ಬೆರಳಾಡಿಸಿ ನೋಡಿದ.

"ಅದು ಮುಗೀತಲ್ಲಮ್ಮಾ. ಶುಕ್ರವಾರಾನೇ ಮುಚ್ಚಿದ್ರು."

"ಮುಚ್ಚಿದ್ರಾ? ವಿಚಾರಣೆ ಇವತ್ತು ಅಂತ ಇತ್ತಲ್ಲ?"

"ತಪ್ಪು ಮಾಡಿದವನು ಒಪ್ಕೊಂಡಿದ್ದಾನೆ, ಜೊತೆಯವರ ಹೇಳಿಕೇನೂ ಇದೆ, ಕಂಪನಿಯವರು ಅವನನ್ನ ತೆಗೆದೂ ಹಾಕಿದ್ದಾರೆ. ಅರ್ಜಿ ಹಾಕಿದ್ದ ಹೆಂಗಸು ಸಾಕು ಅಂತ ಸಹಿ ಹಾಕಿ ಹೋದ್ರು. ಇನ್ನೇನು ವಿಚಾರಿಸೋದು?"

"ನಾನು ಒಂದು ಮಾತು ಹೇಳಬೇಕಿತ್ತು."

ಗುಮಾಸ್ತ ಪುಸ್ತಕ ಮುಚ್ಚಿದ. "ಬರೆದು ಅಂಚೆಗೆ ಹಾಕಿ. ಫೈಲಿಗೆ ಸೇರಿಸ್ತಾರೆ" ಎಂದ.

ಅವಳು ಬೆಂಚಿನ ಮೇಲೆ ಕೂತಳು. ಬೆಂಚಿನ ಇನ್ನೊಂದು ತುದಿಯಲ್ಲಿ ಅರವತ್ತು ದಾಟಿದ ಒಬ್ಬ ಹೆಂಗಸು ಮಡಿಲಲ್ಲಿ ಪ್ಲಾಸ್ಟಿಕ್ ಕವರು ಇಟ್ಟುಕೊಂಡು ಕೂತಿದ್ದರು. ಅವರಿಗೂ ಗುಮಾಸ್ತ ಆಗಲೇ ಇದೇ ಮಾತು ಹೇಳಿದ್ದಿರಬೇಕು.

"ನೀವೂ ಅದಕ್ಕೇ ಬಂದ್ರಾ?" ಎಂದರು ಆಕೆ. "ನನಗೂ ಯಾರೂ ತಿಳಿಸಲಿಲ್ಲ. ನಾನು ಅವರ ಪಕ್ಕದ ಮನೆಯವಳು. ದೂರು ಕೊಟ್ಟೋಳು ನಾನೇ. ಫೋನಲ್ಲಿ ಅದು ಹೇಗೆ ಕಳಿಸೋದು ಅಂತ ಮೊಮ್ಮಗಳ ಹತ್ರ ಹೇಳಿಸ್ಕೊಂಡು ಮೂರು ಸಲ ಕಳಿಸಿದೆ." ಕವರಿನಿಂದ ಒಂದು ಕಾಗದ ತೆಗೆದರು. ಕಳಿಸಿದ ದಿನ, ಹೊತ್ತು ಎಲ್ಲವನ್ನೂ ದುಂಡಗೆ ಬರೆದಿಟ್ಟುಕೊಂಡಿದ್ದರು. "ಮೂರು ಸಲವೂ ಅದೇ ಉತ್ತರ ಬಂತು. ನಿಮ್ಮ ದೂರನ್ನು ಪರಿಶೀಲಿಸಿದ್ದೇವೆ, ತಪ್ಪೇನೂ ಕಂಡುಬಂದಿಲ್ಲ ಅಂತ. ನೀವು ಅವರಿಗೆ ಏನಾಗಬೇಕು?"

ಮೂರು ವಾರ ಹೇಳಿಕೊಂಡ ವಾಕ್ಯ ಕೊನೆಗೆ ಅಲ್ಲಿ ಹೊರಬಂತು. "ಆ ದೂರು ನೋಡುವ ಜಾಗದಲ್ಲಿ ಕೆಲಸ ಮಾಡ್ತೀನಮ್ಮಾ. ಮೂರನೇದು ನೋಡಿದ ಹುಡುಗ ನಮ್ಮವನು. ಅವನು ಮನೆಗೆ ಹೊರಟಿದ್ದ. ನಾನೇ ತಡೆದು ಎರಡನೇ ಶಿಫ್ಟ್ ಹಾಕಿದೆ. ಅವನ ಕಣ್ಣು ಸೋತಿತ್ತು. ತಪ್ಪು ಅವನದಲ್ಲ."

ಆಕೆ ಕಾಗದವನ್ನು ಮಡಚಿ ಕವರಿಗೆ ಹಾಕಿದರು. ಆಮೇಲೆ ಬಹಳ ನಿಧಾನವಾಗಿ ಕೇಳಿದರು.

"ಮನುಷ್ಯರು ನೋಡ್ತಾರಾ ಅದನ್ನ?"

"ಹೂಂ."

"ನಾನು ಮೆಷೀನು ಅಂದ್ಕೊಂಡಿದ್ದೆ" ಎಂದರು ಆಕೆ. "ಮೆಷೀನಿಗೆ ಏನು ತಿಳಿಯುತ್ತೆ ಪಾಪ, ಅದಕ್ಕೆ ಅಜ್ಜಿ ಇರುತ್ತಾ, ಕೋಲು ಇರುತ್ತಾ ಅಂತ ಸಮಾಧಾನ ಮಾಡ್ಕೊಂಡಿದ್ದೆ. ಹಾಗಿದ್ರೆ ಮೂರು ಜನ ನೋಡಿದ್ರಾ? ಕಣ್ಣಿರೋ ಮೂರು ಜನ?"

ಅಕ್ಕ ತಲೆಯಾಡಿಸಿದಳು.

ಆಕೆ ಎದ್ದು, ಸೀರೆಯ ನೆರಿಗೆ ಸರಿಮಾಡಿಕೊಂಡು, ಕವರನ್ನು ಕಂಕುಳಲ್ಲಿ ಇರುಕಿಸಿಕೊಂಡರು. "ನೀವು ಇದನ್ನ ನನಗೆ ಹೇಳಬಾರದಿತ್ತು" ಎಂದು ಹೇಳಿ, ಗೋಡೆ ಹಿಡಿದುಕೊಂಡು ಮೆಟ್ಟಿಲ ಕಡೆ ನಡೆದರು. ಅಕ್ಕ ಕೈ ಕೊಡಲು ಎದ್ದಳು. ಬೇಡವೆಂಬಂತೆ ಆಕೆ ಹಿಂದಕ್ಕೆ ತಿರುಗದೆಯೇ ಕೈಯಾಡಿಸಿದರು.

ಮರುದಿನ ಅಕ್ಕ ಕೆಲಸಕ್ಕೆ ಹೋದಳು. ಕ್ಯಾಂಪಿನಿಂದ ಒಳ್ಳೆಯ ಫಲ ಬಂದಿದೆಯೆಂದು ಮ್ಯಾನೇಜರ್ ಎರಡನೇ ತಂಡವನ್ನು ಕಳಿಸಲು ಗೊತ್ತುಮಾಡಿದ್ದ. ಒಪ್ಪಿಗೆಪತ್ರಗಳ ಕಟ್ಟು ಗಾಜಿನ ಕೋಣೆಯಲ್ಲಿ ಅವಳಿಗಾಗಿ ಬಂದು ಬಿದ್ದಿತ್ತು. ಊಟದ ಹೊತ್ತಿಗೆ ಅದನ್ನೆತ್ತಿಕೊಂಡು ಕ್ಯಾಂಟೀನಿಗೆ ಹೋಗಿ, ಹೊಸ ಹುಡುಗರ ಮುಂದೆ ಒಂದೊಂದಾಗಿ ಇಟ್ಟಳು. "ಏಳನೇ ಪುಟ ಓದಿ, ಆಮೇಲೆ ಸಹಿ ಹಾಕಿ" ಎಂದಳು.

"ಓದೋಕೆಲ್ಲಿ ಟೈಮಿದೆ ಮೇಡಂ, ಊಟಕ್ಕೆ ಇರೋದೇ ಇಪ್ಪತ್ತು ನಿಮಿಷ" ಎಂದು ಒಬ್ಬ ನಗುತ್ತಾ ಅವಳ ಕೈಯಿಂದಲೇ ಪೆನ್ನು ತೆಗೆದುಕೊಂಡು ಸಹಿ ಹಾಕಿ, ಪಕ್ಕದವನಿಗೆ ದಾಟಿಸಿದ.